ಮೊದಲು ನೀರು, ಆಮೇಲೆ ಪೊರಕೆ: ಇಲಿಯ ಮೈಯಲ್ಲಿ ಮನೆ ಮಾಡಿದ ಹಂಟಾ ವೈರಸ್



ರಾಗಿ ಕಟಾವು ಮುಗಿದು ಬಣವೆ ಒಟ್ಟಿದ ಮೇಲೆ ಮಾಡದಕೆರೆ ಸುತ್ತಿನ ಊರುಗಳಲ್ಲಿ ಇಲಿಗಳೂ ಹೊಲ ಬಿಟ್ಟು ಊರಿನ ಕಡೆ ಬರುತ್ತವೆ. ಹೊಲದಲ್ಲಿ ಅವಕ್ಕೆ ಇನ್ನು ತೆನೆ ಇಲ್ಲ. ಬಣವೆಯ ಬುಡದಲ್ಲಿ ಉದುರಿದ ಕಾಳಿದೆ. ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಶೇಂಗಾ ಹಿಂಡಿ, ಬೂಸಾ, ಪಶು ಆಹಾರದ ಚೀಲಗಳಿವೆ. ರಾತ್ರಿಯೆಲ್ಲಾ ಅವು ಅಲ್ಲಿ ಓಡಾಡಿ, ತಿಂದು, ಉಚ್ಚೆ ಹೊಯ್ದು, ಹಿಕ್ಕೆ ಹಾಕಿ ಹೋಗುತ್ತವೆ. ಬೆಳಗ್ಗೆ ಬಾಗಿಲು ತೆಗೆದು ಆ ಕೋಣೆಯ ಕಸ ಗುಡಿಸುವವರು ಬಹುತೇಕ ಮನೆಗಳಲ್ಲಿ ನೀವೇ. ಪೊರಕೆ ಆಡಿಸಿದಾಗ ಏಳುವ ದೂಳು ಹೋಗುವುದು ನಿಮ್ಮ ಮೂಗಿಗೇ.

ಈ ತಿಂಗಳ ಪಾಠ ಆ ದೂಳಿನ ಬಗ್ಗೆ. ಇಲಿಗಳ ಮೈಯಲ್ಲಿ ಬಾಳುವ ಹಂಟಾ ಎಂಬ ವೈರಸ್ಸುಗಳ ಬಗ್ಗೆ, ಅವು ಇಲಿಗಳ ಜೊತೆ ಹೇಗೆ ಬೆಳೆದು ಬಂದವು, ಹೇಗೆ ಬದಲಾದವು ಎನ್ನುವುದರ ಬಗ್ಗೆ ತಿಳಿಯೋಣ. ಇದು ವಿಜ್ಞಾನದ ವಿಷಯವಾದರೂ ಕೊನೆಗೆ ಬಂದು ನಿಲ್ಲುವುದು ನಿಮ್ಮ ಮೇವಿನ ಕೋಣೆಯಲ್ಲೇ. ವೈರಸ್ಸಿನ ಹಿಂದಿನ ಕಥೆ ಗೊತ್ತಾದರೆ ಅದನ್ನು ದೂರ ಇಡುವ ದಾರಿಯೂ ಗೊತ್ತಾಗುತ್ತದೆ.

ಇಲಿಗೆ ಏನೂ ಆಗುವುದಿಲ್ಲ, ಯಾಕೆ?

ಹಂಟಾ ವೈರಸ್ ಹೊಕ್ಕ ಇಲಿ ನೋಡಲು ಚೆನ್ನಾಗಿಯೇ ಇರುತ್ತದೆ. ಓಡುತ್ತದೆ, ತಿನ್ನುತ್ತದೆ, ಮರಿ ಹಾಕುತ್ತದೆ. ಆದರೆ ಅದರ ಉಚ್ಚೆ, ಹಿಕ್ಕೆ, ಜೊಲ್ಲಿನಲ್ಲಿ ಬಹಳ ಕಾಲ ವೈರಸ್ ಹೊರಬೀಳುತ್ತಲೇ ಇರುತ್ತದೆ. ಅದೇ ವೈರಸ್ ಮನುಷ್ಯರ ಮೈ ಹೊಕ್ಕರೆ ಕಿಡ್ನಿಗೋ ಶ್ವಾಸಕೋಶಕ್ಕೋ ಪೆಟ್ಟು ಬಿದ್ದು ಜೀವಕ್ಕೇ ಅಪಾಯ ಬರಬಹುದು.

ಈ ವ್ಯತ್ಯಾಸಕ್ಕೆ ಕಾರಣ ಹಳೆಯ ಸಹವಾಸ. ವೈರಸ್ ತಾನಾಗಿ ಬದುಕಲಾರದು. ಅದಕ್ಕೆ ಒಂದು ಪ್ರಾಣಿಯ ಮೈ ಬೇಕು. ಆ ಮೈಯೇ ಅದರ ಮನೆ. ಮನೆಯನ್ನು ಬೇಗನೆ ಕೆಡವುವ ವೈರಸ್ಸಿಗೆ ಇನ್ನೊಂದು ಇಲಿಗೆ ದಾಟಲು ಸಮಯ ಸಿಗುವುದಿಲ್ಲ. ಇಲಿ ಸತ್ತಾಗ ಅದೂ ಮುಗಿಯಿತು. ಮನೆಯನ್ನು ಉಳಿಸಿಕೊಂಡು ಮೆಲ್ಲಗೆ ಇನ್ನೊಂದು ಇಲಿಗೆ ದಾಟುವ ವೈರಸ್ಸಿನ ಸಂತತಿ ಹೆಚ್ಚುತ್ತದೆ. ಇತ್ತ ವೈರಸ್ಸನ್ನು ತಡೆದುಕೊಳ್ಳಬಲ್ಲ ಇಲಿಗಳ ಮರಿಗಳೇ ಹೆಚ್ಚು ಉಳಿಯುತ್ತವೆ. ಹೀಗೆ ಎಷ್ಟೋ ತಲೆಮಾರು ಕಳೆದಾಗ ಇಬ್ಬರೂ ಒಬ್ಬರಿಗೊಬ್ಬರು ಒಗ್ಗಿಕೊಳ್ಳುತ್ತಾರೆ. ಇದನ್ನೇ ವಿಜ್ಞಾನದಲ್ಲಿ ವಿಕಾಸ ಎನ್ನುತ್ತಾರೆ.

ನಮಗೆ ಇದು ಹೊಸ ಮಾತೇನಲ್ಲ. ನಮ್ಮ ಸೀಮೆಯ ಕಾವಲುಗಳಲ್ಲಿ ಬೆಳೆದು ಬಂದ ಅಮೃತಮಹಲ್ ದನ ಒಣ ಹುಲ್ಲು, ಉರಿ ಬಿಸಿಲು, ದೂರದ ನಡಿಗೆಗೆ ಒಗ್ಗಿದೆ. ಅದೇ ಬಿಸಿಲಿನಲ್ಲಿ ಎಚ್.ಎಫ್. ಹಸು ಏದುಸಿರು ಬಿಡುತ್ತದೆ. ತಲೆತಲಾಂತರದಿಂದ ಜೊತೆಗಿದ್ದುದಕ್ಕೆ ಮೈ ಒಗ್ಗುತ್ತದೆ, ಹೊಸದಕ್ಕೆ ಒಗ್ಗುವುದಿಲ್ಲ. ಹಂಟಾ ವೈರಸ್ಸಿನ ಮಟ್ಟಿಗೆ ಇಲಿ ಹಳೆಯ ನೆಂಟ, ನಾವು ಹೊಸಬರು.

ಇದರಿಂದ ಕಲಿಯಬೇಕಾದ ಮೊದಲ ಮಾತು: ಇಲಿ ಆರೋಗ್ಯವಾಗಿ ಕಾಣುತ್ತಿದೆ ಎಂದು ಅದರ ಹಿಕ್ಕೆಯನ್ನು ನಂಬಬೇಡಿ.

ಕೊರಿಯಾದ ನದಿ, ವೆಲ್ಲೂರಿನ ಸುಂಡಿಲಿ

1950ರಿಂದ 1953ರವರೆಗೆ ಕೊರಿಯಾ ದೇಶದಲ್ಲಿ ಯುದ್ಧ ನಡೆಯಿತು. ಆಗ ಅಲ್ಲಿದ್ದ ವಿಶ್ವಸಂಸ್ಥೆಯ ಪಡೆಗಳ 3,000ಕ್ಕೂ ಹೆಚ್ಚು ಸೈನಿಕರಿಗೆ ವಿಚಿತ್ರ ಜ್ವರ ಬಂತು. ತಲೆನೋವು, ಸೊಂಟನೋವು, ಕೆಂಪು ಕಣ್ಣು, ಮೈಯಲ್ಲಿ ರಕ್ತಸ್ರಾವ, ಆಮೇಲೆ ಮೂತ್ರ ಕಟ್ಟಿಕೊಳ್ಳುವುದು. ಕಾರಣ ಯಾರಿಗೂ ಸಿಗಲಿಲ್ಲ. ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಹುಡುಕಾಟ ನಡೆದು, 1976ರಲ್ಲಿ ಕೊರಿಯಾದ ವಿಜ್ಞಾನಿ ಹೋ ವಾಂಗ್ ಲೀ ಅವರು ಬೆನ್ನ ಮೇಲೆ ಪಟ್ಟೆಯಿರುವ ಒಂದು ಹೊಲದ ಇಲಿಯ ಶ್ವಾಸಕೋಶದಲ್ಲಿ ಆ ವೈರಸ್ಸನ್ನು ಪತ್ತೆ ಮಾಡಿದರು. ಅಲ್ಲಿ ಹರಿಯುವ ಹಂಟಾನ್ ನದಿಯ ಹೆಸರನ್ನೇ ಅದಕ್ಕೆ ಇಟ್ಟರು. ಇಡೀ ಕುಟುಂಬಕ್ಕೆ ಹಂಟಾ ಎಂಬ ಹೆಸರು ಬಂದದ್ದು ಹೀಗೆ.

ಆದರೆ ಈ ಕುಟುಂಬದ ಒಂದು ವೈರಸ್ ಅದಕ್ಕೂ 12 ವರ್ಷ ಮೊದಲೇ ನಮ್ಮ ಪಕ್ಕದಲ್ಲೇ ಸಿಕ್ಕಿತ್ತು. ಬೆಂಗಳೂರಿನಿಂದ ಚೆನ್ನೈಗೆ ಹೋಗುವ ದಾರಿಯಲ್ಲಿ ವೆಲ್ಲೂರು ಇದೆ. ಅಲ್ಲಿನ ತೋಟಪ್ಪಾಳಯಂ ಎಂಬ ಬಡಾವಣೆಯಲ್ಲಿ 1964ರಲ್ಲಿ ಹಿಡಿದ ಒಂದು ಸುಂಡಿಲಿಯ ಮೈಯಿಂದ ಸಂಶೋಧಕರು ವೈರಸ್ ಬೇರ್ಪಡಿಸಿದರು. ಆಗ ಅವರು ಅದನ್ನು ಸೊಳ್ಳೆಯಂಥ ಕೀಟದಿಂದ ಹರಡುವ ವೈರಸ್ ಇರಬೇಕು ಎಂದುಕೊಂಡರು. 1971ರಲ್ಲಿ ಹಾಗೆಯೇ ಪ್ರಕಟಿಸಿದರು. ಕೊರಿಯಾದ ವೈರಸ್ ಸಿಕ್ಕ ಮೇಲೆ ಎರಡನ್ನೂ ಹೋಲಿಸಿ ನೋಡಿದಾಗಲೇ ಇದೂ ಅದೇ ಕುಟುಂಬದ್ದು ಎಂದು ಗೊತ್ತಾದದ್ದು.

ಸುಂಡಿಲಿ ನಿಮಗೆ ಗೊತ್ತಿರುವ ಪ್ರಾಣಿಯೇ. ಕೆಲವು ಕಡೆ ಮೂಗಿಲಿ ಎನ್ನುತ್ತಾರೆ. ಉದ್ದ ಮೂತಿ, ಸಣ್ಣ ಕಣ್ಣು, ಗಬ್ಬು ವಾಸನೆ. ಗೋಡೆಯ ಬುಡ ಹಿಡಿದು ಓಡುತ್ತಾ ಚೀರುತ್ತದೆ. ಬೆಕ್ಕು ಹಿಡಿದರೂ ತಿನ್ನದೆ ಬಿಡುವುದುಂಟು. ಹೆಸರಿನಲ್ಲಿ ಇಲಿ ಎಂದಿದ್ದರೂ ಅದು ಇಲಿಯ ಜಾತಿಯಲ್ಲ. ಇಲಿ ಕಾಳು ಕಡಿಯುತ್ತದೆ, ಸುಂಡಿಲಿ ಜಿರಳೆ ಮತ್ತಿತರ ಹುಳ ತಿನ್ನುತ್ತದೆ. ತೋಟಪ್ಪಾಳಯಂ ವೈರಸ್ ಮನುಷ್ಯರಿಗೆ ದೊಡ್ಡ ಕಾಯಿಲೆ ತರುತ್ತದೆ ಎಂದು ಸಾಬೀತಾಗಿಲ್ಲ. ಆದರೆ ವಿಕಾಸದ ಕಥೆಯಲ್ಲಿ ಅದಕ್ಕೆ ದೊಡ್ಡ ಜಾಗ ಇದೆ. ಅದನ್ನು ಮುಂದೆ ನೋಡೋಣ.

ವೈರಸ್ ಬದಲಾಗುವುದು ಹೇಗೆ?

ನಮ್ಮ ಸಂಘದ ಕಾರ್ಯದರ್ಶಿ ಹಾಲಿನ ಲೆಕ್ಕದ ಪುಸ್ತಕವನ್ನು ಕೈಯಲ್ಲೇ ನಕಲು ಮಾಡುತ್ತಾರೆ ಎಂದುಕೊಳ್ಳಿ. ಆ ನಕಲು ನೋಡಿ ಇನ್ನೊಬ್ಬರು, ಅದನ್ನು ನೋಡಿ ಮತ್ತೊಬ್ಬರು ಬರೆಯುತ್ತಾರೆ. ಯಾರೂ ಮತ್ತೆ ತಾಳೆ ನೋಡುವುದಿಲ್ಲ. ಒಬ್ಬರು 6 ಬರೆಯುವ ಕಡೆ 9 ಬರೆದರೆ ಮುಂದಿನ ನಕಲುಗಳಲ್ಲೆಲ್ಲಾ 9 ಉಳಿಯುತ್ತದೆ.

ವೈರಸ್ಸಿನ ಒಳಗೂ ಒಂದು ಬರಹ ಇದೆ. ಹಂಟಾ ವೈರಸ್ಸಿನ ಬರಹ ಆರ್‌ಎನ್‌ಎ ಎಂಬ ವಸ್ತುವಿನಲ್ಲಿದೆ. ಸಣ್ಣದು, ನಡುವಿನದು, ದೊಡ್ಡದು ಎಂದು ಅದು ಮೂರು ತುಂಡುಗಳಾಗಿದೆ. ಇಲಿಯ ಮೈಯಲ್ಲಿ ವೈರಸ್ ಹೆಚ್ಚುವಾಗ ಈ ಬರಹ ಮತ್ತೆ ಮತ್ತೆ ನಕಲಾಗುತ್ತದೆ. ತಪ್ಪು ತಿದ್ದುವ ವ್ಯವಸ್ಥೆ ಇಲ್ಲ. ಹೆಚ್ಚಿನ ತಪ್ಪುಗಳಿಂದ ವೈರಸ್ಸಿಗೇ ನಷ್ಟ, ಅಂಥವು ಅಳಿದುಹೋಗುತ್ತವೆ. ಯಾವುದೋ ಒಂದು ತಪ್ಪಿನಿಂದ ಲಾಭವಾದರೆ ಅದು ಉಳಿಯುತ್ತದೆ.

ಇನ್ನೊಂದು ದಾರಿಯೂ ಇದೆ. ಒಂದೇ ಇಲಿಗೆ ಹತ್ತಿರದ ನಂಟಿನ ಎರಡು ಹಂಟಾ ವೈರಸ್ಸುಗಳು ಒಟ್ಟಿಗೆ ಹೊಕ್ಕರೆ ಅವುಗಳ ತುಂಡುಗಳು ಅದಲುಬದಲಾಗಬಹುದು. ಎರಡು ಸಂಘಗಳ ಮೂರು ಮೂರು ಪುಸ್ತಕಗಳು ಒಂದೇ ಮೇಜಿನ ಮೇಲೆ ಬೆರೆತು, ಹೊಸ ಕಟ್ಟೊಂದು ಆದ ಹಾಗೆ.

ಇಲಿಯಿಂದ ಇಲಿಗೆ ವೈರಸ್ ದಾಟಲು ಸೊಳ್ಳೆ ಬೇಡ, ಉಣ್ಣೆ ಬೇಡ. ನಮ್ಮ ರಾಜ್ಯದ ಮಂಗನ ಕಾಯಿಲೆಯನ್ನು ನೆನಪಿಸಿಕೊಳ್ಳಿ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಆ ವೈರಸ್ ಮನುಷ್ಯರಿಗೆ ಬರುವುದು ಉಣ್ಣೆ ಕಚ್ಚುವುದರಿಂದ. ಹಂಟಾ ಹಾಗಲ್ಲ. ಇಲಿಗಳು, ಅದರಲ್ಲೂ ಗಂಡು ಇಲಿಗಳು, ಜಗಳವಾಡಿ ಕಚ್ಚಿಕೊಂಡಾಗ ಅದು ಒಂದರಿಂದ ಇನ್ನೊಂದಕ್ಕೆ ಹೋಗುತ್ತದೆ. ಉಚ್ಚೆ ಹಿಕ್ಕೆಯ ದೂಳಿನಿಂದಲೂ ಹೋಗುತ್ತದೆ. ತಿನ್ನಲು ಹೆಚ್ಚು ಸಿಕ್ಕ ಕಡೆ ಇಲಿ ಹೆಚ್ಚು, ಇಲಿ ಹೆಚ್ಚಿದ ಕಡೆ ಜಗಳವೂ ವೈರಸ್ಸೂ ಹೆಚ್ಚು.

ಇದಕ್ಕೆ ಅಮೆರಿಕದ ಒಂದು ಉದಾಹರಣೆ ಇದೆ. ಅಲ್ಲಿನ ನೈರುತ್ಯ ಭಾಗ ನಮ್ಮ ಹೊಸದುರ್ಗ, ಹಿರಿಯೂರಿನಂತೆ ಒಣ ಸೀಮೆ. ಒಳ್ಳೆಯ ಮಳೆಯಾಗಿ ಗಿಡಮರಗಳ ಬೀಜ ಹೆಚ್ಚಾಗಿ, ಇಲಿಗಳೂ ವಿಪರೀತ ಹೆಚ್ಚಿದವು. 1993ರಲ್ಲಿ ಅಲ್ಲಿ ಗಟ್ಟಿಮುಟ್ಟಾದ ಹರೆಯದವರೇ ಉಸಿರು ಕಟ್ಟಿ ಸಾಯತೊಡಗಿದರು. ಹುಡುಕಿದಾಗ ಸಿಕ್ಕದ್ದು ಅಲ್ಲಿನ ಇಲಿಗಳಲ್ಲಿದ್ದ ಇನ್ನೊಂದು ಹಂಟಾ ವೈರಸ್.

ಒಂದೇ ಬೆಡಗು, ಬೇರೆ ಬೇರೆ ಮನೆ

ನಮ್ಮ ಸೀಮೆಯಲ್ಲಿ ಒಂದೇ ಬೆಡಗಿನವರು ಯಾವ ಊರಿನಲ್ಲಿದ್ದರೂ ಅಣ್ಣತಮ್ಮಂದಿರ ಲೆಕ್ಕ. ಎಲ್ಲಿಂದ ಯಾರು ಯಾವ ಊರಿಗೆ ಹೋದರು ಎಂದು ಹಿರಿಯರು ಹೇಳಬಲ್ಲರು. ವಿಜ್ಞಾನಿಗಳು ವೈರಸ್ಸುಗಳ ಬರಹವನ್ನು ಓದಿ, ಯಾವುದು ಯಾವುದಕ್ಕೆ ಹತ್ತಿರ ಎಂದು ಇಂಥದ್ದೇ ವಂಶಾವಳಿ ಬರೆಯುತ್ತಾರೆ.

ಮೊದಮೊದಲು ಬರೆದ ವಂಶಾವಳಿ ಬಹಳ ಚೊಕ್ಕವಾಗಿ ಕಂಡಿತು. ಏಷ್ಯಾದ ಇಲಿಗಳ ವೈರಸ್ಸುಗಳು ಒಂದು ಗುಂಪು, ಯುರೋಪಿನ ಮೋಟು ಬಾಲದ ಇಲಿಗಳವು ಇನ್ನೊಂದು, ಅಮೆರಿಕದ ಇಲಿಗಳವು ಮತ್ತೊಂದು. ಇಲಿಗಳ ವಂಶಾವಳಿಯೂ ಹೆಚ್ಚು ಕಡಿಮೆ ಹೀಗೆಯೇ ಇದೆ. ಹಾಗಾಗಿ ಇಲಿಗಳು ಲಕ್ಷಾಂತರ ವರ್ಷಗಳಲ್ಲಿ ಕವಲೊಡೆದು ಬೇರೆಯಾದಾಗ ಅವುಗಳ ಮೈಯಲ್ಲಿದ್ದ ವೈರಸ್ಸುಗಳೂ ಜೊತೆಯಲ್ಲೇ ಕವಲೊಡೆದವು ಎಂದು ತಿಳಿದರು.

2007ರಲ್ಲಿ ವೆಲ್ಲೂರಿನ ಸುಂಡಿಲಿಯ ವೈರಸ್ಸಿನ ಬರಹವನ್ನು ಓದಿ ಪ್ರಕಟಿಸಿದಾಗ, ಅದು ಇಲಿಗಳ ಎಲ್ಲ ಹಂಟಾ ವೈರಸ್ಸುಗಳಿಂದ ಬಹಳ ದೂರದ ಕವಲು ಎಂದು ಸ್ಪಷ್ಟವಾಯಿತು. ಆಮೇಲೆ ಬೇರೆ ಸುಂಡಿಲಿಗಳಲ್ಲಿ, ನೆಲ ಕೊರೆಯುವ ಮೋಲ್ ಎಂಬ ಪ್ರಾಣಿಗಳಲ್ಲಿ, ಬಾವಲಿಗಳಲ್ಲಿ ಒಂದರ ಹಿಂದೊಂದು ಹಂಟಾ ವೈರಸ್ಸುಗಳು ಸಿಕ್ಕವು. 2018ರಲ್ಲಿ ಮೀನು ಮತ್ತು ಹಲ್ಲಿ ಜಾತಿಯ ಪ್ರಾಣಿಗಳಲ್ಲೂ ಈ ಕುಟುಂಬದ ವೈರಸ್ಸುಗಳು ಇರುವುದು ಪ್ರಕಟವಾಯಿತು. ಅಂದರೆ ಈ ಮನೆತನ ಇಲಿಯಲ್ಲಿ ಶುರುವಾದದ್ದು ಎಂದು ಹೇಳಲು ಬರುವುದಿಲ್ಲ. ಅದರ ಬೇರು ಇನ್ನೂ ಆಳದಲ್ಲಿದೆ. ಇಂದು ಸುಂಡಿಲಿ ವೈರಸ್ಸುಗಳ ಒಂದು ಗುಂಪಿಗೆ ವಿಜ್ಞಾನಿಗಳು ಇಟ್ಟಿರುವ ಹೆಸರಿನಲ್ಲಿ ತೋಟಪ್ಪಾಳಯಂನ ಮೊದಲ ಅಕ್ಷರಗಳು ಸೇರಿವೆ. ಅದೇ ವೈರಸ್ ನೇಪಾಳ, ಚೀನಾದ ಸುಂಡಿಲಿಗಳಲ್ಲೂ ಸಿಕ್ಕಿದೆ.

ಜೊತೆಗೆ ಇನ್ನೊಂದು ವಿಷಯವೂ ಹೊರಬಿತ್ತು. ವೈರಸ್ಸುಗಳು ಸದಾ ಹಳೆಯ ಮನೆಯಲ್ಲೇ ಇರಲಿಲ್ಲ. ಒಂದೇ ಜಾಗದಲ್ಲಿ ವಾಸಿಸುವ ಬೇರೆ ಜಾತಿಯ ಪ್ರಾಣಿಗೆ ಆಗಾಗ ಜಿಗಿದಿವೆ. ಹೊಸ ಮನೆಗೆ ಒಗ್ಗಿದ್ದು ಅಲ್ಲೇ ನೆಲೆ ನಿಂತಿದೆ. ಹಳೆಯ ಸಹವಾಸ ಎಷ್ಟು, ನೆರೆಮನೆಗೆ ಜಿಗಿದದ್ದು ಎಷ್ಟು ಎಂಬ ಚರ್ಚೆ ವಿಜ್ಞಾನಿಗಳ ನಡುವೆ ಇಂದೂ ನಡೆದಿದೆ. ಎರಡೂ ನಡೆದಿವೆ ಎನ್ನುವುದಂತೂ ನಿಜ.

ನಮಗೆ ಬೇಕಾದದ್ದು ಇಷ್ಟು: ಯಾವ ಪ್ರಾಣಿಗಳು ಒತ್ತೊತ್ತಾಗಿ ಒಂದೇ ಜಾಗದಲ್ಲಿ ಇರುತ್ತವೋ ಅಲ್ಲಿ ವೈರಸ್ಸಿಗೆ ಹೊಸ ದಾರಿ ಸಿಗುತ್ತದೆ. ಇಲಿ, ಹೆಗ್ಗಣ, ಸುಂಡಿಲಿ, ದನ, ನಾವು, ಎಲ್ಲರೂ ಸೇರುವ ಜಾಗ ಮೇವಿನ ಕೋಣೆ.

ಮನುಷ್ಯ ಅದರ ಮನೆಯಲ್ಲ

ಮನುಷ್ಯರ ಮೈ ಹೊಕ್ಕ ಹಂಟಾ ವೈರಸ್ ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತದೆ, ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ದಕ್ಷಿಣ ಅಮೆರಿಕದ ಆಂಡೀಸ್ ವೈರಸ್ ಮಾತ್ರ ಇದಕ್ಕೆ ಹೊರತು. ಹಾಗಾಗಿ ಜ್ವರ ಬಂದವರನ್ನು ದೂರ ಮಾಡುವ ಕಾಯಿಲೆ ಇದಲ್ಲ. ಹಸು ಎಮ್ಮೆಗಳು ಇದರ ಮನೆಯಲ್ಲ. ಹಾಲಿನಿಂದ ಹರಡುವ ಕಾಯಿಲೆಯೂ ಅಲ್ಲ.

ನಮ್ಮ ದೇಶದಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಸಂಶೋಧಕರು ಗೋದಾಮಿನ ಕೆಲಸಗಾರರು, ಇಲಿ ಹಿಡಿಯುವ ಇರುಳರು ಮೊದಲಾದವರ ರಕ್ತ ಪರೀಕ್ಷೆ ಮಾಡಿದ್ದಾರೆ. 2008ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಕೆಲವರ ರಕ್ತದಲ್ಲಿ ಹಂಟಾ ವೈರಸ್ ತಗುಲಿ ಹೋದ ಗುರುತು ಕಂಡಿದೆ. ಇದು ದಿನಾ ಕಾಣುವ ಕಾಯಿಲೆ ಅಲ್ಲ, ಗಾಬರಿ ಬೇಡ. ಆದರೆ ಕಾಳು, ಚೀಲ, ಇಲಿಯ ನಡುವೆ ಕೆಲಸ ಮಾಡುವವರು ನಾವೂ ಹೌದು.

ಹಂಟಾ ಬೇರೆ, ಇಲಿ ಜ್ವರ ಬೇರೆ

ನಮ್ಮಲ್ಲಿ ‘ಇಲಿ ಜ್ವರ’ ಎಂದು ವೈದ್ಯರು ಹೇಳುವುದು ಲೆಪ್ಟೊಸ್ಪೈರೋಸಿಸ್ ಎಂಬ ಇನ್ನೊಂದು ಕಾಯಿಲೆಯನ್ನು. ಅದು ವೈರಸ್ ಅಲ್ಲ, ಬ್ಯಾಕ್ಟೀರಿಯಾ. ಹೈನುಗಾರಿಕೆಯಲ್ಲಿ ಹಂಟಾಗಿಂತ ಇದರ ಕಾಟವೇ ಹೆಚ್ಚು. ಇದು ಒಂದೇ ಮನೆಗೆ ಅಂಟಿಕೊಂಡಿಲ್ಲ: ಇಲಿ, ಹಂದಿ, ನಾಯಿ, ದನ ಎಲ್ಲದರಲ್ಲೂ ಬಾಳಬಲ್ಲದು. ಹಂಟಾ ಒಣ ದೂಳಿನಲ್ಲಿ ಬಂದರೆ ಇದು ಉಚ್ಚೆ ಬೆರೆತ ನೀರು, ಕೆಸರಿನಲ್ಲಿ ಬಂದು ಗಾಯ ಅಥವಾ ಬಿರುಕು ಬಿಟ್ಟ ಕಾಲಿನ ಮೂಲಕ ಒಳಗೆ ಹೋಗುತ್ತದೆ. ಹಸುವಿಗೆ ತಗುಲಿದರೆ ಇದ್ದಕ್ಕಿದ್ದಂತೆ ಹಾಲು ಇಳಿಯಬಹುದು, ಗಬ್ಬದ ಕೊನೆಯ ತಿಂಗಳುಗಳಲ್ಲಿ ಕಂದು ಹಾಕಬಹುದು. ಒಂದು ಗಬ್ಬ ಹೋಯಿತೆಂದರೆ ಒಂದು ಕರು ಹೋಯಿತು, ಒಂದು ಸೂಲಿನ ಹಾಲೂ ಹೋಯಿತು. ಇದಕ್ಕೆ ಮನುಷ್ಯರಿಗೂ ದನಕ್ಕೂ ಆ್ಯಂಟಿಬಯಾಟಿಕ್ ಔಷಧಿ ಇದೆ. ಹಂಟಾಗೆ ಅಂಥ ನೇರ ಔಷಧಿ ಇಲ್ಲ, ಬೇಗ ಆಸ್ಪತ್ರೆ ಸೇರಿ ಆರೈಕೆ ಪಡೆಯುವುದೇ ದಾರಿ.

ಎರಡಕ್ಕೂ ಮೂಲ ಇಲಿಯೇ ಆದ್ದರಿಂದ ಒಂದೇ ಎಚ್ಚರಿಕೆಯಿಂದ ಎರಡನ್ನೂ ತಡೆಯಬಹುದು.

ಮೇವಿನ ಕೋಣೆಯಲ್ಲಿ ಏನು ಮಾಡಬೇಕು?

1. ಮೊದಲು ನೀರು, ಆಮೇಲೆ ಪೊರಕೆ. ಅಂಗಳದಲ್ಲಿ ನಾವು ಗುಡಿಸಿ ಆಮೇಲೆ ನೀರು ಹಾಕುತ್ತೇವೆ. ಮೇವಿನ ಕೋಣೆಯಲ್ಲಿ ಇದನ್ನು ತಿರುವು ಮಾಡಿ. ಬಹಳ ದಿನ ಮುಚ್ಚಿದ್ದ ಕೋಣೆಯಾದರೆ ಬಾಗಿಲು ಕಿಟಕಿ ತೆಗೆದು ಅರ್ಧ ಗಂಟೆ ಹೊರಗಿರಿ.

2. ಇಲಿ ಹಿಕ್ಕೆ, ಗೂಡು, ಸತ್ತ ಇಲಿ ಕಂಡರೆ ಅದರ ಮೇಲೆ ಬ್ಲೀಚಿಂಗ್ ಪುಡಿ ಕದಡಿದ ನೀರು ಹಾಕಿ. ಒಂದು ಲೀಟರ್ ನೀರಿಗೆ 15ರಿಂದ 20 ಗ್ರಾಂ ಪುಡಿ ಸಾಕು. ಐದು ನಿಮಿಷ ನೆನೆಯಲು ಬಿಟ್ಟು, ಹಳೆ ಬಟ್ಟೆ ಅಥವಾ ಕಾಗದದಿಂದ ಒರೆಸಿ ತೆಗೆದು ಹೂತುಬಿಡಿ. ವೈರಸ್ಸಿನ ಹೊರಪದರ ಕೊಬ್ಬಿನದು, ಸೋಪಿನ ನೀರಿಗೂ ಒಡೆಯುತ್ತದೆ. ಬ್ಲೀಚಿಂಗ್ ಪುಡಿಯ ಜೊತೆ ಆಸಿಡ್ ಬೆರೆಸಬೇಡಿ. ಮೇವು ಮತ್ತು ಹಾಲಿನ ಪಾತ್ರೆಗಳಿಂದ ದೂರ ಇರಲಿ.

3. ಕೈಗೆ ರಬ್ಬರ್ ಗವಸು, ಕಾಲಿಗೆ ಬೂಟು ಹಾಕಿ. ಹಳೆಯ ಬಣವೆ ಬಿಚ್ಚುವಾಗ, ಕೋಣೆ ಖಾಲಿ ಮಾಡುವಾಗ ಎನ್95 ಮಾಸ್ಕ್ ಹಾಕಿ. ಸೆರಗು ಕಟ್ಟಿಕೊಂಡರೆ ದೊಡ್ಡ ದೂಳು ತಡೆಯುತ್ತದೆ, ಸಣ್ಣದು ಒಳಗೆ ಹೋಗುತ್ತದೆ. ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆದು ಆಮೇಲೆ ಹಾಲು ಕರೆಯಿರಿ.

4. ಹಿಂಡಿ, ಪಶು ಆಹಾರವನ್ನು ಮುಚ್ಚಳವಿರುವ ತಗಡಿನ ಡ್ರಮ್ಮಿನಲ್ಲಿ ಇಡಿ. ಚೀಲಗಳನ್ನು ನೆಲದ ಮೇಲಲ್ಲ, ಕಲ್ಲಿನ ಮೇಲೆ ಹಲಗೆ ಹಾಕಿ, ಗೋಡೆಯಿಂದ ಒಂದು ಅಡಿ ಬಿಟ್ಟು ಜೋಡಿಸಿ. ರಾತ್ರಿ ಗೋದಲಿಯಲ್ಲಿ ತಿಂದು ಉಳಿದ ಹಿಂಡಿ ಬಿಡಬೇಡಿ.

5. ಕಿರುಬೆರಳು ತೂರುವಷ್ಟು ಸಂದು ಸಣ್ಣ ಇಲಿಗೆ ಸಾಕು. ಅಂಥ ಸಂದುಗಳನ್ನು ಸಿಮೆಂಟು, ತಂತಿ ಜಾಲರಿಯಿಂದ ಮುಚ್ಚಿ. ಇಲಿ ಕೊಂದು ಸಂದು ಬಿಟ್ಟರೆ ಖಾಲಿಯಾದ ಜಾಗಕ್ಕೆ ಹೊಸ ಇಲಿ ಬರುತ್ತದೆ.

6. ಮೇವಿನ ಹತ್ತಿರ ಇಲಿ ಪಾಷಾಣ ಇಡಬೇಡಿ. ದನ ಅಥವಾ ಮಗು ಬಾಯಿಗೆ ಹಾಕಿದರೆ ಅನಾಹುತ. ಬೋನು ಇಡಿ. ಕೇರೆ ಹಾವು, ಗೂಬೆಗಳನ್ನು ಕೊಲ್ಲಬೇಡಿ, ಅವು ಸಂಬಳವಿಲ್ಲದ ಕಾವಲುಗಾರರು. ಸುಂಡಿಲಿಯನ್ನು ಬೇಟೆಯಾಡುವ ಅಗತ್ಯವಿಲ್ಲ, ಅದರ ಹಿಕ್ಕೆಗೂ ಇದೇ ಎಚ್ಚರಿಕೆ ಸಾಕು.

7. ಹಸು ಕಂದು ಹಾಕಿದರೆ ಬರಿಗೈಯಲ್ಲಿ ಮುಟ್ಟಬೇಡಿ. ಪಶುವೈದ್ಯರಿಗೆ ತಿಳಿಸಿ. ಅವರು ನೋಡಿದ ಮೇಲೆ ಸುಣ್ಣ ಹಾಕಿ ಆಳವಾಗಿ ಹೂಳಿ. ಹಾಲನ್ನು ಕಾಯಿಸಿಯೇ ಕುಡಿಯಿರಿ.

ಜ್ವರ ಬಂದರೆ

ಹಂಟಾ ವೈರಸ್ ಮೈಗೆ ಹೊಕ್ಕ ಮೇಲೆ ಜ್ವರ ಬರಲು ಸಾಮಾನ್ಯವಾಗಿ ಒಂದೆರಡು ವಾರ, ಕೆಲವೊಮ್ಮೆ ಎಂಟು ವಾರ ಬೇಕು. ಅಷ್ಟರಲ್ಲಿ ಕೋಣೆ ಗುಡಿಸಿದ್ದು ಯಾರಿಗೂ ನೆನಪಿರುವುದಿಲ್ಲ. ವೈದ್ಯರು ಕೇಳದಿದ್ದರೂ ನೀವೇ ಹೇಳಿ: “ನಾನು ದನ ಕಟ್ಟಿದ್ದೇನೆ, ಇಂಥ ವಾರ ಇಲಿ ಹಿಕ್ಕೆ ಇದ್ದ ಕೋಣೆ ಗುಡಿಸಿದೆ.” ಈ ಒಂದು ಮಾತಿನಿಂದ ಪರೀಕ್ಷೆಯ ದಿಕ್ಕೇ ಬದಲಾಗಬಹುದು.

ಜೋರು ಜ್ವರದ ಜೊತೆ ಸೊಂಟನೋವು, ಮೀನಖಂಡದ ನೋವು, ಕೆಂಪು ಕಣ್ಣು ಇದ್ದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಮೂತ್ರ ಕಡಿಮೆಯಾದರೆ, ಉಸಿರು ಕಟ್ಟಿದರೆ, ಕಣ್ಣು ಹಳದಿಯಾದರೆ ಒಂದು ದಿನವೂ ಕಾಯದೆ ಹೊಸದುರ್ಗದ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಅಂಗಡಿಯ ನೋವಿನ ಮಾತ್ರೆ ನುಂಗಿ ದಿನ ದೂಡಬೇಡಿ, ಕೆಲವು ಮಾತ್ರೆಗಳು ಕಿಡ್ನಿಗೆ ಇನ್ನಷ್ಟು ಹೊರೆ. “ಹಾಲು ಕರೆಯುವವರು ಯಾರು” ಎಂದು ಮನೆಯಲ್ಲೇ ಉಳಿಯಬೇಡಿ. ಎರಡು ದಿನ ನೆರೆಮನೆಯವರು ಕರೆದುಕೊಟ್ಟಾರು.

ಸಂಘದ ಸಭೆಯಲ್ಲಿ ಮಾತನಾಡಲು

• ವೈರಸ್ ಹೊಕ್ಕ ಇಲಿಗೆ ಯಾಕೆ ಕಾಯಿಲೆ ಕಾಣುವುದಿಲ್ಲ?
• ವೆಲ್ಲೂರಿನ ಸುಂಡಿಲಿಯ ವೈರಸ್ ವಿಜ್ಞಾನಿಗಳ ಲೆಕ್ಕವನ್ನು ಹೇಗೆ ಬದಲಿಸಿತು?
• ಹಂಟಾಗೂ ಇಲಿ ಜ್ವರಕ್ಕೂ ಏನು ವ್ಯತ್ಯಾಸ?
• ನಿಮ್ಮ ಮೇವಿನ ಕೋಣೆಯಲ್ಲಿ ಇಲಿ ಬರುವ ಸಂದು ಎಷ್ಟಿವೆ? ಇವತ್ತೇ ಎಣಿಸಿ, ಮುಂದಿನ ಸಭೆಯ ಹೊತ್ತಿಗೆ ಎಷ್ಟು ಮುಚ್ಚಿದಿರಿ ಎಂದು ಹೇಳಿ.